ಪರೀಕ್ಷಕನ ಧರ್ಮಸಂಕಟ

ಪ್ರೌಢಶಾಲೆಯ ಒಬ್ಬ ಉಪಾಧ್ಯಾಯನ ಮುಂದೆ ಎರಡು ಉತ್ತರಪತ್ರಿಕೆಗಳು ಇರುವುವೆಂದು ವಾಚಕರು ಭಾವಿಸಬೇಕು. ತರಗತಿಯು ಒಂಬತ್ತನೆಯದು, ವಿಷಯವು ವಿಜ್ಞಾನ, ಪಾಠವು ಶಕ್ತಿ ಮತ್ತು ಅದರ ಪರಿವರ್ತನೆ. ಕೇಳಿರುವ ಪ್ರಶ್ನೆಯು ಹೀಗಿದೆ: ಬಾಲಕನೊಬ್ಬನು ಬೈಸಿಕಲ್ಲನ್ನು ಏರಿ, ತುಳಿಯದೆ, ಬ್ರೇಕನ್ನು ಹದವಾಗಿ ಹಿಡಿದುಕೊಂಡು, ಇಳಿಜಾರಾದ ರಸ್ತೆಯಲ್ಲಿ ಮೇಲಿಂದ ಕೆಳಗಿನವರೆಗೆ ಒಂದೇ ವೇಗದಿಂದ ಇಳಿದು ಬರುತ್ತಾನೆ, ಇಲ್ಲಿ ನಡೆಯುವ ಶಕ್ತಿಪರಿವರ್ತನೆಯನ್ನು ವಿವರಿಸಿ. ಇದಕ್ಕೆ ನಾಲ್ಕು ಅಂಕಗಳು.

ಮೊದಲನೆಯ ಪತ್ರಿಕೆಯು ಒಬ್ಬ ಹುಡುಗನದು. ಅಕ್ಷರಗಳು ದುಂಡಗಿವೆ, ಸಾಲುಗಳು ನೇರವಾಗಿವೆ. ಎತ್ತರದಲ್ಲಿರುವ ವಸ್ತುವಿನಲ್ಲಿ ಪ್ರಚ್ಛನ್ನಶಕ್ತಿಯು ಇರುತ್ತದೆ. ಅದು ಕೆಳಗಿಳಿಯುವಾಗ ಆ ಶಕ್ತಿಯು ಚಲನಶಕ್ತಿಯಾಗಿ ಪರಿವರ್ತನೆ ಹೊಂದುತ್ತದೆ. ಶಕ್ತಿಯನ್ನು ಸೃಷ್ಟಿಸಲಾಗದು, ನಾಶಮಾಡಲಾಗದು ಎಂದು ಅವನು ಬರೆದಿದ್ದಾನೆ. ಎರಡನೆಯದು ಒಬ್ಬ ಹುಡುಗಿಯದು. ಅಲ್ಲಲ್ಲಿ ಹೊಡೆದುಹಾಕಿದ ಗೀಟುಗಳು, ಅಂಚಿನಲ್ಲಿ ಒಂದು ಚಿಕ್ಕ ಚಿತ್ರ. ಅವಳು ಬರೆದುದರ ತಾತ್ಪರ್ಯವಿಷ್ಟು: ವೇಗವು ಹೆಚ್ಚಲಿಲ್ಲವೆಂದು ಪ್ರಶ್ನೆಯಲ್ಲೇ ಹೇಳಿದೆ, ಆದ್ದರಿಂದ ಮೇಲಿದ್ದ ಶಕ್ತಿಯು ವೇಗವಾಗಲಿಲ್ಲ, ಅದನ್ನು ಬ್ರೇಕು ತಿಂದಿತು, ಇಳಿದ ಮೇಲೆ ಬ್ರೇಕಿನ ರಬ್ಬರು ತಾಗುವ ಗಾಲಿಯ ಅಂಚನ್ನು ಮುಟ್ಟಿದರೆ ಬಿಸಿಯಾಗಿರುತ್ತದೆ, ಆಮೇಲೆ ಆ ಬಿಸಿಯೂ ಮುಗಿದುಹೋಗುತ್ತದೆ.

ಉಪಾಧ್ಯಾಯನ ಕೈಯಲ್ಲಿ ಅಚ್ಚಾದ ಕೈಪಿಡಿಯೊಂದಿದೆ. ಪ್ರಶ್ನೆಯನ್ನು ಅವನು ಅದರಿಂದಲೇ ತೆಗೆದುಕೊಂಡಿದ್ದಾನೆ. ಅದರಲ್ಲಿರುವ ಮಾದರಿ ಉತ್ತರವು ಹುಡುಗನ ಉತ್ತರಕ್ಕೆ ಅಕ್ಷರಶಃ ಹೊಂದುವುದು. ಆ ಪ್ರಕಾರ ಹುಡುಗನಿಗೆ ನಾಲ್ಕಕ್ಕೆ ನಾಲ್ಕು. ಹುಡುಗಿಯ ಉತ್ತರದಲ್ಲಿ ‘ಪ್ರಚ್ಛನ್ನ’ ಎಂಬ ಪದವಿಲ್ಲ, ‘ಪರಿವರ್ತನೆ’ ಎಂಬ ಪದವಿಲ್ಲ. ಇರುವ ಕಡೆಯ ವಾಕ್ಯವು ಶಕ್ತಿಯ ನಿತ್ಯತ್ವದ ನಿಯಮಕ್ಕೇ ವಿರುದ್ಧವಾಗಿದೆ. ಅವಳಿಗೆ ಸೊನ್ನೆ, ಅಥವಾ ಕನಿಕರದಿಂದ ಒಂದು.

ಆದರೆ ಪ್ರಶ್ನೆಯನ್ನು ಮತ್ತೊಮ್ಮೆ ಓದಿದವನ ಕೈಯಲ್ಲಿ ಕೆಂಪು ಲೇಖನಿಯು ತಡೆಯುವುದು. ಒಂದೇ ವೇಗದಿಂದ ಇಳಿಯುವವನ ಚಲನಶಕ್ತಿಯು ಕೆಳಗೆ ಬಂದಾಗಲೂ ಮೇಲಿದ್ದಷ್ಟೇ. ಪ್ರಚ್ಛನ್ನಶಕ್ತಿಯು ಚಲನಶಕ್ತಿಯಾಯಿತೆಂಬ ಮಾತು ಇಲ್ಲಿ ಸುಳ್ಳು. ಮಾದರಿ ಉತ್ತರವು ತಪ್ಪು; ಹುಡುಗನು ತಪ್ಪು; ಹುಡುಗಿಯು ಮುಕ್ಕಾಲು ಪಾಲು ಸರಿ. ಕೈಪಿಡಿಯನ್ನು ಬರೆದವನು ಬೀಳುವ ಕಲ್ಲಿಗೆ ಹೇಳಬೇಕಾದುದನ್ನು ಬ್ರೇಕು ಹಿಡಿದ ಬೈಸಿಕಲ್ಲಿಗೆ ಹೇಳಿಬಿಟ್ಟಿದ್ದಾನೆ.

ಇದು ಅಲ್ಪವಿಷಯವೆಂದು ಕೆಲವರಿಗೆ ತೋರಬಹುದು. ನಾಲ್ಕು ಅಂಕಗಳಿಂದ ಯಾರ ಮನೆಯೂ ಮುಳುಗುವುದಿಲ್ಲ. ಆದರೆ ಆ ಹುಡುಗಿಯು ಪತ್ರಿಕೆಯನ್ನು ಮರಳಿ ಪಡೆದಾಗ ಒಂದು ಪಾಠವನ್ನು ಕಲಿಯುವಳು: ಗಾಲಿಯನ್ನು ಮುಟ್ಟಿ ನೋಡಿದುದು ತನ್ನ ತಪ್ಪು, ಪ್ರಶ್ನೆಯನ್ನು ಎಚ್ಚರದಿಂದ ಓದಿದುದು ಇನ್ನೊಂದು ತಪ್ಪು. ಮುಂದಿನ ಪರೀಕ್ಷೆಗೆ ಅವಳೂ ದುಂಡಾದ ಅಕ್ಷರಗಳಲ್ಲಿ ಬರೆಯುವಳು. ಹುಡುಗನೂ ಒಂದು ಪಾಠವನ್ನು ಕಲಿಯುವನು. ಅದು ಇನ್ನೂ ಅಪಾಯಕರವಾದುದು, ಏಕೆಂದರೆ ಅದು ಅವನಿಗೆ ಹಿತವಾಗಿರುವುದು.

ಪಾಠಶಾಲೆಗಳಲ್ಲಿ ಎಳೆಯರಿಗೆ ಮೊದಲು ಹೇಳಿಕೊಡುವ ಗ್ರಂಥಗಳಲ್ಲೊಂದಾದ ಅನ್ನಂಭಟ್ಟನ ತರ್ಕಸಂಗ್ರಹದಲ್ಲಿ ಬುದ್ಧಿಯನ್ನು ಎರಡಾಗಿ ವಿಂಗಡಿಸಿದೆ: ಸ್ಮೃತಿ ಮತ್ತು ಅನುಭವ. ಸಂಸ್ಕಾರದಿಂದ ಮಾತ್ರ ಹುಟ್ಟುವ ಜ್ಞಾನವು ಸ್ಮೃತಿ. ಅದಲ್ಲದ ಜ್ಞಾನವೆಲ್ಲ ಅನುಭವ. ಯಥಾರ್ಥ, ಅಯಥಾರ್ಥ ಎಂಬ ಭೇದವು ಎರಡಕ್ಕೂ ಉಂಟಾದರೂ, ನೈಯಾಯಿಕರು ಪ್ರಮೆಯೆಂಬ ಗೌರವದ ಹೆಸರನ್ನು ಯಥಾರ್ಥವಾದ ಅನುಭವಕ್ಕೆ ಮಾತ್ರ ಕೊಟ್ಟರು. ಸ್ಮೃತಿಯು ಎಷ್ಟೇ ನಿರ್ದುಷ್ಟವಾಗಿದ್ದರೂ ಅದು ಹಿಂದಿನ ಅನುಭವದ ನೆರಳು. ನೆನಪಿನ ಮೇಲೆ ಅವರಿಗೆ ತಾತ್ಸಾರವೇನೂ ಇರಲಿಲ್ಲ. ಗ್ರಂಥಗಳೆಲ್ಲವನ್ನೂ ಕಂಠದಲ್ಲಿ ಹೊತ್ತವರು ಅವರು. ಆದರೂ ನೆನಪನ್ನು ಅರಿವೆಂದು ಕರೆಯಲಿಲ್ಲ. ಹುಡುಗನ ಉತ್ತರವು ಸ್ಮೃತಿ. ಹುಡುಗಿಯದು ಅನುಭವ, ಅದರಲ್ಲಿ ಸ್ವಲ್ಪ ಅಯಥಾರ್ಥವು ಬೆರೆತಿದೆ. ಪ್ರಶ್ನೆಯು ಯಾವುದನ್ನು ಬೇಡಿತು? ‘ವಿವರಿಸಿ’ ಎಂಬ ಕ್ರಿಯಾಪದಕ್ಕೆ ಏನಾದರೂ ಅರ್ಥವಿದ್ದರೆ ಎರಡನೆಯದನ್ನೇ.

ಇಂತಹುದೇ ಒಂದು ಸಂಗತಿಯನ್ನು ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ೧೯೬೬ರಲ್ಲಿ ನ್ಯೂಯಾರ್ಕಿನಲ್ಲಿ ಸೇರಿದ್ದ ವಿಜ್ಞಾನೋಪಾಧ್ಯಾಯರ ಮುಂದೆ ಎತ್ತಿದನು. ಎಳೆಯ ಮಕ್ಕಳ ಪುಸ್ತಕವೊಂದರಲ್ಲಿ ಕೀಲಿ ಕೊಡುವ ಆಟಿಕೆಯ ನಾಯಿ, ನಿಜವಾದ ನಾಯಿ, ಮೋಟಾರ್ ಸೈಕಲ್ಲು ಮುಂತಾದುವುಗಳ ಚಿತ್ರಗಳಿದ್ದುವು. ಇದು ಚಲಿಸಲು ಕಾರಣವೇನೆಂದು ಪ್ರತಿಯೊಂದರ ಕೆಳಗೂ ಪ್ರಶ್ನೆಯಿತ್ತು. ಆಟಿಕೆಯ ಒಳಗಿನ ಸುರುಳಿಯನ್ನೂ ಹಲ್ಲುಗಾಲಿಗಳನ್ನೂ ಬಿಚ್ಚಿ ತೋರಿಸುವರೆಂದು ಅವನು ನಿರೀಕ್ಷಿಸಿದ್ದನು. ಪುಸ್ತಕವು ಎಲ್ಲಕ್ಕೂ ಕೊಟ್ಟ ಉತ್ತರವು ‘ಶಕ್ತಿ’ ಎಂಬ ಒಂದೇ ಪದವಾಗಿತ್ತು. ಆ ಪದದ ಬದಲು ದೇವರು ಎಂದೋ ಚಲನಗುಣ ಎಂದೋ ಹಾಕಿದರೂ ಮಗುವಿಗೆ ಆಗುವ ಲಾಭವು ಅಷ್ಟೇ ಎಂಬುದು ಅವನ ಆಕ್ಷೇಪ. ಅವನು ಹೇಳಿದ ಪರೀಕ್ಷೆಯು ಸರಳವಾದುದು: ಹೊಸದಾಗಿ ಕಲಿತ ಪದವನ್ನು ಬಿಟ್ಟು, ಕಲಿತುದನ್ನು ತನ್ನ ಮಾತಿನಲ್ಲಿ ಹೇಳಲಿ. ಹುಡುಗನ ಉತ್ತರದಿಂದ ಪಾರಿಭಾಷಿಕ ಪದಗಳನ್ನು ತೆಗೆದರೆ ಏನೂ ಉಳಿಯುವುದಿಲ್ಲ. ಹುಡುಗಿಯ ಉತ್ತರದಲ್ಲಿ ತೆಗೆಯಲು ಅಂತಹ ಪದಗಳೇ ಇಲ್ಲ.

ಫೈನ್‌ಮನ್ನನಿಗೆ ತಿಳಿದಿರಲಾರದು, ಆದರೆ ಈ ವಿವಾದವು ಭಾರತದಲ್ಲಿ ಹಳೆಯದು, ಅದೂ ಇದೇ ಪದದ ಮೇಲೆಯೇ ನಡೆದುದು. ಬೆಂಕಿಯು ಸುಡುವುದು, ಪ್ರತಿಬಂಧಕವಾದ ಒಂದು ಮಣಿಯನ್ನು ಬಳಿಯಲ್ಲಿಟ್ಟರೆ ಅದೇ ಬೆಂಕಿಯು ಸುಡದು, ಆದುದರಿಂದ ಬೆಂಕಿಯಲ್ಲಿ ಕಣ್ಣಿಗೆ ಕಾಣದ ಶಕ್ತಿಯೆಂಬುದೊಂದು ಬೇರೆಯೇ ಇದೆ, ಮಣಿಯು ಅದನ್ನು ಕೆಡಿಸುವುದು ಎಂದು ಮೀಮಾಂಸಕರು ವಾದಿಸಿದರು. ಪ್ರಾಭಾಕರರಂತೂ ಶಕ್ತಿಯನ್ನು ಸ್ವತಂತ್ರ ಪದಾರ್ಥವಾಗಿಯೇ ಎಣಿಸಿದರು. ನೈಯಾಯಿಕರು ಒಪ್ಪಲಿಲ್ಲ. ಮಣಿಯಿಲ್ಲದಿರುವುದೂ ಸುಡುವಿಕೆಗೆ ಒಂದು ಕಾರಣವೆಂದರೆ ಸಾಕು. ಬೇರೊಂದು ಶಕ್ತಿಯನ್ನು ಕಲ್ಪಿಸಿದರೆ ಭಾರವು ಹೆಚ್ಚಿತೇ ಹೊರತು ಬೆಳಕು ಹೆಚ್ಚಲಿಲ್ಲವೆಂಬುದು ಅವರ ಮತ. ಮಣಿಯ ವಿಷಯವನ್ನು ಇಂದು ಯಾರೂ ನಂಬುವುದಿಲ್ಲ. ವಾದದ ಹುರುಳು ಮಾತ್ರ ಹಾಗೆಯೇ ಉಳಿದಿದೆ. ಹೆಸರಿಟ್ಟ ಮಾತ್ರಕ್ಕೆ ಕಾರಣವನ್ನು ಹೇಳಿದಂತಾಗದು.

ಹಾಗಾದರೆ ಇಂದಿನ ಭೌತಶಾಸ್ತ್ರದ ಶಕ್ತಿಯೂ ಬರಿಯ ಹೆಸರೇ ಎಂದು ಕೇಳಬಹುದು. ಅಲ್ಲ, ಆದರೆ ಅದು ಹೆಸರಿಗಿಂತ ಮಿಗಿಲಾಗುವುದು ಲೆಕ್ಕವಾದಾಗ ಮಾತ್ರ. ಮನೆಯ ಜಮಾಖರ್ಚಿನ ಪುಸ್ತಕವನ್ನು ಇಟ್ಟವರಿಗೆ ಇದು ಸುಲಭವಾಗಿ ತಿಳಿಯುವುದು. ಪೆಟ್ಟಿಗೆಯಿಂದ ಹಣವು ಹೋದರೆ ಅದು ಅಂಗಡಿಯವನಲ್ಲೋ, ಹಾಲಿನವನಲ್ಲೋ, ಜೇಬಿನ ಮೂಲೆಯಲ್ಲೋ ಇರಲೇಬೇಕು. ಇಲ್ಲದಿದ್ದರೆ ಲೆಕ್ಕವು ಮುಗಿದಿಲ್ಲ. ಶಕ್ತಿಯ ನಿಯಮವು ಹೇಳುವುದೂ ಇಷ್ಟೇ. ಕೊಟ್ಟಿಗೆಹಾರದಿಂದ ಚಾರ್ಮಾಡಿಯ ಕಡೆಗೆ ಘಟ್ಟವನ್ನಿಳಿಯುವ ಬಸ್ಸೊಂದನ್ನು ತೆಗೆದುಕೊಳ್ಳಬಹುದು. ಜನರೊಡನೆ ಅದರ ತೂಕವು ಹತ್ತು ಟನ್ ಎಂದಿಟ್ಟುಕೊಂಡರೆ, ೫೦೦ ಮೀಟರ್ ಎತ್ತರವನ್ನು ಇಳಿಯುವಷ್ಟರಲ್ಲಿ ಅದರ ಪ್ರಚ್ಛನ್ನಶಕ್ತಿಯಲ್ಲಿ ಸುಮಾರು ೪ ಕೋಟಿ ೯೦ ಲಕ್ಷ ಜೂಲ್‌ಗಳು ಕಡಮೆಯಾಗುವುವು. ಬಸ್ಸಿನ ವೇಗವೋ ಮೇಲೆಯೂ ಕೆಳಗೆಯೂ ಹೆಚ್ಚು ಕಡಮೆ ಒಂದೇ. ಇಷ್ಟೂ ಶಕ್ತಿಯು ಚಲನಶಕ್ತಿಯಾಗಿದ್ದರೆ ಬಸ್ಸು ಗಂಟೆಗೆ ಮುನ್ನೂರು ಕಿಲೋಮೀಟರಿಗೂ ಮಿಕ್ಕಿದ ವೇಗದಲ್ಲಿ ಕೆಳಗೆ ತಲಪಬೇಕಾಗಿತ್ತು. ಪ್ರಯಾಣಿಕರ ಪುಣ್ಯದಿಂದ ಹಾಗಾಗುವುದಿಲ್ಲ. ಅದು ಬ್ರೇಕಿನ ಡ್ರಮ್ಮುಗಳಿಗೂ, ಕೆಳಗಿನ ಗೇರಿನಲ್ಲಿ ಹಿಡಿದಿರುವ ಯಂತ್ರಕ್ಕೂ, ಎದುರಾಗುವ ಗಾಳಿಗೂ ಹಂಚಿಹೋಗಿ ಶಾಖವಾಗುವುದು. ಆ ಶಾಖವನ್ನೆಲ್ಲ ಒಟ್ಟುಗೂಡಿಸಲು ಸಾಧ್ಯವಾಗಿದ್ದರೆ ಸುಮಾರು ೧೫೦ ಲೀಟರ್ ತಣ್ಣೀರನ್ನು ಕುದಿಯುವವರೆಗೆ ಕಾಯಿಸಬಹುದಾಗಿತ್ತು. ಬಚ್ಚಲುಮನೆಯ ಹಂಡೆಯನ್ನು ಉರಿಸಿ ಬಲ್ಲವರಿಗೆ ಇದು ಎಷ್ಟು ಸೌದೆಯ ಕೆಲಸವೆಂದು ಗೊತ್ತು. ಘಟ್ಟದ ಬುಡದಲ್ಲಿ ಬಸ್ಸು ನಿಂತಾಗ ಮೂಗಿಗೆ ಬರುವ ಕಮಟುವಾಸನೆಯೇ ಈ ಲೆಕ್ಕದ ರಸೀದಿ. ಈಚಿನ ವಿದ್ಯುತ್ ಬಸ್ಸುಗಳಲ್ಲಿ ಇಳಿಜಾರಿನ ಶಕ್ತಿಯಲ್ಲಿ ಒಂದು ಪಾಲನ್ನು ಬ್ಯಾಟರಿಗೆ ಮರಳಿ ತುಂಬುವ ಏರ್ಪಾಡು ಉಂಟು. ಅಲ್ಲಿ ಖರ್ಚಿನ ಕಲಮಿನಿಂದ ಸ್ವಲ್ಪವು ಮತ್ತೆ ಜಮೆಗೆ ಬರುವುದು.

ಹುಡುಗಿಯ ತಪ್ಪನ್ನೂ ಈ ಬೆಳಕಿನಲ್ಲಿ ನೋಡಬೇಕು. ಬಿಸಿಯು ಮುಗಿದುಹೋಗುತ್ತದೆ ಎಂದಳು. ನಿಯಮದ ಪ್ರಕಾರ ಅದು ಮುಗಿಯುವುದಿಲ್ಲ. ಗಾಲಿಯಿಂದ ಗಾಳಿಗೂ ನೆಲಕ್ಕೂ ಹರಡುವುದು. ಆದರೆ ಎಷ್ಟು ತೆಳುವಾಗಿ ಹರಡುವುದೆಂದರೆ ಅದರಿಂದ ಮತ್ತೆ ಒಂದು ಗಾಲಿಯನ್ನೂ ತಿರುಗಿಸಲಾಗದು. ಜೋಗದಲ್ಲಿ ೨೫೩ ಮೀಟರ್ ಎತ್ತರದಿಂದ ಬೀಳುವ ನೀರಿನ ಶಕ್ತಿಯೆಲ್ಲ ಆ ನೀರಿನಲ್ಲೇ ಶಾಖವಾಗಿ ನಿಂತರೆ ಅದರ ಉಷ್ಣತೆಯು ಹೆಚ್ಚುವುದು ಒಂದು ಡಿಗ್ರಿಗಿಂತಲೂ ಕಡಮೆ, ಸುಮಾರು ೦.೬ ಡಿಗ್ರಿ ಸೆಲ್ಸಿಯಸ್. ಅಷ್ಟು ದೊಡ್ಡ ಆರ್ಭಟವು ಅಷ್ಟು ಚಿಕ್ಕ ಬೆಚ್ಚನೆಯಲ್ಲಿ ಅಡಗುವುದು. ಅದೇ ಶರಾವತಿಯ ನೀರನ್ನು ಕೊಳವೆಗಳಲ್ಲಿ ಇಳಿಸಿದರೆ ದೀಪಗಳು ಉರಿಯುವುವು. ಬಿದ್ದು ಬೆಚ್ಚಗಾದ ನೀರಿನಿಂದ ಒಂದು ದೀಪವನ್ನೂ ಹೊತ್ತಿಸಲಾಗದು. ಶಕ್ತಿಯು ನಾಶವಾಗದೆಯೇ ಉಪಯೋಗಕ್ಕೆ ಬಾರದಂತಾಗುವುದೆಂಬ ಈ ಮಾತನ್ನು ವಿಲಿಯಂ ಥಾಮ್ಸನ್ ೧೮೫೨ರಲ್ಲಿ ಸ್ಪಷ್ಟವಾಗಿ ಬರೆದನು. ಮೇಯರ್, ಜೂಲ್, ಹೆಲ್ಮ್‌ಹೋಲ್ಟ್ಸ್ ಇವರು ಶಕ್ತಿಯ ನಿತ್ಯತ್ವವನ್ನು ಸ್ಥಾಪಿಸಿದುದು ಅದಕ್ಕೆ ಹತ್ತು ವರ್ಷಗಳ ಈಚೆಯಷ್ಟೇ, ೧೮೪೦ರ ದಶಕದಲ್ಲಿ. ‘ಮುಗಿಯಿತು’ ಎಂಬ ಹುಡುಗಿಯ ಮಾತಿನಲ್ಲಿ ಮೊದಲನೆಯ ನಿಯಮಕ್ಕೆ ವಿರೋಧವಿದೆ, ಎರಡನೆಯ ನಿಯಮದ ಮೊಳಕೆಯೂ ಇದೆ. ಶಕ್ತಿಯು ನಾಶವಾಗದೆಂದು ಹೇಳಿಕೊಟ್ಟು, ಅದೇ ಬಾಯಿಂದ ವಿದ್ಯುತ್ತನ್ನು ಉಳಿಸಿರೆಂದು ಗೋಡೆಯ ಮೇಲೆ ಬರೆಸುವ ಶಾಲೆಗಳಲ್ಲಿ ಈ ಎರಡು ಮಾತುಗಳು ಹೇಗೆ ಹೊಂದುವುವೆಂದು ಕೇಳುವ ಮಗುವೊಂದು ಇದ್ದರೆ ಅದು ಇಂತಹ ಹುಡುಗಿಯೇ.

ಮಕ್ಕಳ ತಪ್ಪುಗಳಿಗೆ ವಂಶಾವಳಿಯುಂಟು. ಉರುಳಿಬಿಟ್ಟ ಚೆಂಡು ಏಕೆ ನಿಂತಿತೆಂದರೆ, ಅದರೊಳಗೆ ತುಂಬಿದ್ದ ವೇಗವು ಖರ್ಚಾಯಿತೆಂದು ಎಳೆಯರು ಹೇಳುವರು. ವೈಶೇಷಿಕರು ಹೇಳಿದುದು ಇದಕ್ಕೆ ಬಹಳ ಸಮೀಪ. ಅವರು ವೇಗವನ್ನು ಸಂಸ್ಕಾರವೆಂಬ ಗುಣದ ಒಂದು ಬಗೆಯೆಂದರು. ಸಂಸ್ಕಾರವು ಮೂರು ಬಗೆ: ಬಿಟ್ಟ ಬಾಣವನ್ನು ಮುಂದೆ ಒಯ್ಯುವ ವೇಗ, ಬಾಗಿಸಿದ ಚಾಪೆಯನ್ನು ಮತ್ತೆ ಮೊದಲಿನಂತೆ ಮಾಡುವ ಸ್ಥಿತಿಸ್ಥಾಪಕ, ನೆನಪಿಗೆ ಕಾರಣವಾಗುವ ಭಾವನೆ. ಬಾಣದ ಓಟವನ್ನೂ ಚಾಪೆಯ ಹುರಿಯನ್ನೂ ಬಾಲಕನ ಕಂಠಪಾಠವನ್ನೂ ಒಂದೇ ಹೆಸರಿನ ಕೆಳಗೆ ತಂದ ಆ ಹಳಬರ ದೃಷ್ಟಿಯು ವಿಚಿತ್ರವಾದರೂ ಯೋಚನಾರ್ಹವಾಗಿದೆ. ಮೂರೂ ಹಿಂದೆ ಪಡೆದುದನ್ನು ಮುಂದಕ್ಕೆ ಒಯ್ಯುವುವೇ ಹೊರತು ಹೊಸದನ್ನು ಹುಟ್ಟಿಸುವುದಿಲ್ಲ. ಭಾಸ್ಕರಾಚಾರ್ಯನಂತಹ ಗಣಿತಜ್ಞನು ೧೧೫೦ರ ಸಿದ್ಧಾಂತಶಿರೋಮಣಿಯಲ್ಲಿ, ಟೊಳ್ಳಾದ ಅರಗಳಲ್ಲಿ ಪಾದರಸವನ್ನು ತುಂಬಿದ, ತಾನೇ ತಾನಾಗಿ ತಿರುಗುವ ಚಕ್ರವೊಂದನ್ನು ವರ್ಣಿಸಿದ್ದಾನೆ. ಅಂತಹ ಚಕ್ರವು ತಿರುಗುತ್ತಲೇ ಇರಲಾರದೆಂಬುದಕ್ಕೆ ನಿಯಮವು ದೊರೆತುದು ಏಳು ಶತಮಾನಗಳ ಮೇಲೆ. ಭಾಸ್ಕರನು ಎಡವಿದ ಕಡೆಯಲ್ಲಿ ಹದಿನಾಲ್ಕು ವರ್ಷದ ಮಗುವು ಎಡವಿದರೆ ಪರೀಕ್ಷಕನು ಹುಬ್ಬು ಗಂಟಿಕ್ಕುವುದು ಸಲ್ಲದು. ಯೋಚಿಸಿ ಮಾಡಿದ ತಪ್ಪನ್ನು ತಿದ್ದಬಹುದು. ಯೋಚಿಸದೆ ಬರೆದ ಸರಿಯಲ್ಲಿ ತಿದ್ದಲು ಹಿಡಿಯೇ ಸಿಕ್ಕುವುದಿಲ್ಲ.

ಇದು ಬಡ ಶಾಲೆಗಳ ರೋಗವೆಂದು ಯಾರೂ ಸಮಾಧಾನಪಡಬೇಕಾಗಿಲ್ಲ. ಅಮೆರಿಕದ ಅರಿಜೋನ ರಾಜ್ಯ ವಿಶ್ವವಿದ್ಯಾಲಯದ ಹೆಸ್ಟೆನೆಸ್ ಮತ್ತು ಸಂಗಡಿಗರು ಬಲ ಮತ್ತು ಚಲನೆಯ ವಿಷಯದಲ್ಲಿ ಸುಮಾರು ಮೂವತ್ತು ಸರಳ ಪ್ರಶ್ನೆಗಳ ಒಂದು ಪರೀಕ್ಷೆಯನ್ನು ೧೯೯೨ರಲ್ಲಿ ಪ್ರಕಟಿಸಿದರು. ಅದರಲ್ಲಿ ಸೂತ್ರಗಳಿಲ್ಲ, ಲೆಕ್ಕಗಳಿಲ್ಲ. ದಿನವೂ ಕಾಣುವ ಸಂಗತಿಗಳನ್ನು ಆಡುಮಾತಿನಲ್ಲಿ ಕೇಳಿದೆ. ಕಠಿನವಾದ ಲೆಕ್ಕಗಳನ್ನು ಬಿಡಿಸುತ್ತಿದ್ದ ಕಾಲೇಜು ವಿದ್ಯಾರ್ಥಿಗಳು ಇವುಗಳಲ್ಲಿ ಸೋತರು. ಹಾರ್ವರ್ಡಿನ ಎರಿಕ್ ಮಜೂರ್ ಇಂತಹುದೇ ಪ್ರಶ್ನೆಗಳನ್ನು ತನ್ನ ತರಗತಿಗೆ ಕೊಟ್ಟಾಗ ವಿದ್ಯಾರ್ಥಿನಿಯೊಬ್ಬಳು, ಪಾಠದಲ್ಲಿ ಕಲಿಸಿದಂತೆ ಉತ್ತರಿಸಬೇಕೋ ತನಗೆ ನಿಜವಾಗಿ ತೋರುವಂತೆ ಉತ್ತರಿಸಬೇಕೋ ಎಂದು ಕೇಳಿದಳಂತೆ. ಪರೀಕ್ಷೆಯೆಂಬ ಸಂಸ್ಥೆಯ ಮೇಲೆ ಇದಕ್ಕಿಂತ ಕಠಿನವಾದ ಟೀಕೆಯನ್ನು ಯಾವ ಪಂಡಿತನೂ ಬರೆದಿರಲಾರನು. ಅವಳು ಅದನ್ನು ಟೀಕೆಯೆಂದು ತಿಳಿದೂ ಹೇಳಲಿಲ್ಲ.

ಇನ್ನು ಪೂರ್ವಪಕ್ಷ. ಸಾವಿರಾರು ಪತ್ರಿಕೆಗಳನ್ನು ನೂರಾರು ಜನರು ತಿದ್ದುವಾಗ ಎಲ್ಲರಿಗೂ ಒಂದೇ ಅಳತೆಗೋಲು ಬೇಕು. ಮಾದರಿ ಉತ್ತರವಿಲ್ಲದಿದ್ದರೆ ಒಬ್ಬನ ಕರುಣೆ, ಇನ್ನೊಬ್ಬನ ಸಿಡುಕು ಮಕ್ಕಳ ಭವಿಷ್ಯವನ್ನು ನಿರ್ಣಯಿಸುವುವು. ಇದು ನಿಜವಾದ ಮಾತು. ಆದರೆ ಅಳತೆಗೋಲು ಒಂದೇ ಆಗಿರಬೇಕೆಂದರೆ ಅದು ಡೊಂಕಾಗಿರಬಹುದೆಂದು ಅರ್ಥವಲ್ಲ. ಸಾರ್ವಜನಿಕ ಪರೀಕ್ಷೆಯಲ್ಲಿ ಮಾದರಿ ಉತ್ತರವು ತಪ್ಪೆಂದು ಕಂಡವನು ತನ್ನಿಚ್ಛೆಯಂತೆ ಅಂಕಗಳನ್ನು ಹಂಚಕೂಡದು. ಮೇಲಿನವರ ಗಮನಕ್ಕೆ ತಂದು ಎಲ್ಲ ಮಕ್ಕಳಿಗೂ ತಿದ್ದುಪಡಿಯಾಗುವಂತೆ ನೋಡಬೇಕು. ಕಂಡೂ ಸುಮ್ಮನಿರುವುದು ಮಾತ್ರ ಯಾವ ನಿಯಮದಿಂದಲೂ ಸಮರ್ಥನೀಯವಲ್ಲ.

ಇದಕ್ಕಿಂತ ಮರ್ಮಕ್ಕೆ ತಾಗುವ ಆಕ್ಷೇಪವು ಇನ್ನೊಂದಿದೆ. ಮನೆಯಲ್ಲಿ ಕೇಳಿ ತಿಳಿಯಲು ಯಾರೂ ಇಲ್ಲದ, ಶಾಲೆಯಲ್ಲಿ ಪ್ರಯೋಗದ ಸಾಮಗ್ರಿಯಿಲ್ಲದ ಮಗುವಿಗೆ ಕಂಠಪಾಠವೊಂದೇ ಬಂಡವಾಳ. ನಿರೀಕ್ಷಿಸದ ಪ್ರಶ್ನೆಗಳನ್ನು ಕೇಳತೊಡಗಿದರೆ ಆ ಮಗುವು ಸೋತು, ಪಟ್ಟಣದ ಅನುಕೂಲಸ್ಥರ ಮಗುವು ಗೆಲ್ಲುವುದಲ್ಲವೆ? ಈ ಮಾತಿಗೆ ಹಗುರವಾದ ಉತ್ತರವನ್ನು ಕೊಡಬಾರದು. ಅನುವಾದದ ಪುಸ್ತಕಗಳಲ್ಲಿ ಹಿಮದ ಇಳಿಜಾರಿನಲ್ಲಿ ಜಾರುವವನನ್ನೂ ರೋಲರ್ ಕೋಸ್ಟರನ್ನೂ ತಂದು ಶಕ್ತಿಯ ಪ್ರಶ್ನೆಯನ್ನು ಕೇಳಿದಾಗ ಈ ಅನ್ಯಾಯವು ನಿಜವಾಗಿಯೂ ಆಗುವುದು; ಹಿಮವನ್ನು ಕಾಣದ ಮಗುವಿಗೆ ಅಲ್ಲಿಯೂ ಬಾಯಿಪಾಠವೇ ಗತಿ. ಆದರೆ ದಿನವೂ ಕಾಣುವ ಚಲನೆಯು ಎಲ್ಲರಿಗೂ ಸಮಾನವಾಗಿ ಹಂಚಿಹೋಗಿರುವ ಪ್ರಯೋಗಶಾಲೆ. ಪಂಚಮಿಯ ಜೋಕಾಲಿಯಲ್ಲಿ ನಿಂತು ಜೀಕಿದವರು, ಬಾವಿಯ ರಾಟೆಯಲ್ಲಿ ಹಗ್ಗವು ಜಾರಿ ಅಂಗೈ ಉರಿಸಿಕೊಂಡವರು, ಗ್ಯಾಸ್ ಸಿಲಿಂಡರನ್ನು ಬೈಸಿಕಲ್ಲಿನ ಹಿಂದೆ ಕಟ್ಟಿ ದಿಣ್ಣೆಯ ಮೇಲೆ ತಳ್ಳಿದವರು ಎಂತಹ ಮನೆಗಳ ಮಕ್ಕಳೆಂದು ಎಲ್ಲರಿಗೂ ಗೊತ್ತು. ಜೀಕದಿದ್ದರೆ ಜೋಕಾಲಿಯು ಏಕೆ ನಿಲ್ಲುವುದು, ಜೀಕುವವನು ಯಾವ ಗಳಿಗೆಯಲ್ಲಿ ಕುಕ್ಕರಿಸಿ ಯಾವ ಗಳಿಗೆಯಲ್ಲಿ ಏಳುವನು ಎಂದು ಕೇಳಿದರೆ ಅವರ ಮೈಯೇ ಉತ್ತರವನ್ನು ಬಲ್ಲದು.

ಒಂದು ನಿಬಂಧನೆ ಮಾತ್ರ ಅವಶ್ಯಕ. ಮೈ ಬಲ್ಲ ಉತ್ತರವು ಆಡುಮಾತಿನಲ್ಲಿ ಬಂದರೆ ಪರೀಕ್ಷಕನು ಅದನ್ನು ಒಪ್ಪಬೇಕು. ‘ಬ್ರೇಕು ತಿಂದಿತು’ ಎಂಬುದು ಒಳ್ಳೆಯ ಕನ್ನಡ. ಅದರಲ್ಲಿ ಕರ್ತೃವಿದೆ, ಕ್ರಿಯೆಯಿದೆ, ಕಾರಣವಿದೆ. ‘ಪರಿವರ್ತನೆ ಹೊಂದುತ್ತದೆ’ ಎಂಬ ವಾಕ್ಯದಲ್ಲಿ ಯಾರು, ಎಲ್ಲಿ, ಏತರಿಂದ ಎಂಬುದೊಂದೂ ಇಲ್ಲ.

ಕಂಠಪಾಠವನ್ನು ಹಳಿಯುವವರು ಪಾಠಶಾಲೆಯ ಕ್ರಮವನ್ನು ಅರ್ಧ ಮಾತ್ರ ಬಲ್ಲರು. ಅಲ್ಲಿ ಮೊದಲು ಪಾಠ, ಆಮೇಲೆ ಅರ್ಥ. ಸೂತ್ರವು ನಾಲಗೆಯ ಮೇಲಿದ್ದರೆ ತಾನೆ ಬುದ್ಧಿಯು ಅದನ್ನು ಆಗಾಗ ಎತ್ತಿ ನೋಡಬಹುದು. ಆದರೆ ಮೊದಲನೆಯ ಮೆಟ್ಟಿಲನ್ನು ಅವರು ಅಟ್ಟವೆಂದು ತಿಳಿಯಲಿಲ್ಲ. ಶಲಾಕಾಪರೀಕ್ಷೆಯಲ್ಲಿ ಓಲೆಗರಿಯ ಕಟ್ಟಿಗೆ ಸೂಜಿಯನ್ನು ಚುಚ್ಚಿ, ಅದು ತಾಗಿ ನಿಂತ ಗರಿಯನ್ನು ವಿದ್ಯಾರ್ಥಿಯು ವ್ಯಾಖ್ಯಾನಿಸಬೇಕಾಗಿತ್ತೆಂದು ಪ್ರತೀತಿ. ಯಾವ ಗರಿಯೆಂಬುದು ಸೂಜಿಗೇ ತಿಳಿಯದು. ವಾಕ್ಯಾರ್ಥಸಭೆಗಳಲ್ಲಂತೂ ಹೇಳಿದುದಕ್ಕೆ ಎದುರಾಳಿಯು ಆಕ್ಷೇಪವನ್ನು ತಂದೊಡ್ಡುವನು. ಕಲಿತ ಸಾಲು ಅಲ್ಲಿ ಒಂದು ಗಳಿಗೆಯೂ ಆಸರೆಯಾಗದು. ಭಾದ್ರಪದದಲ್ಲಿ ಶೃಂಗೇರಿಯಲ್ಲಿ ಸೇರುವ ವಿದ್ವತ್ಸಭೆಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನೆನಪನ್ನು ಪರೀಕ್ಷಿಸುವುದಾದರೆ ನೆನಪೆಂದೇ ಹೇಳಿ ಪರೀಕ್ಷಿಸಲಿ, ನಿಯಮವನ್ನು ಬರೆಯಿರೆಂದು ಕೇಳಿ ಅದಕ್ಕೆ ಅಂಕವನ್ನು ಕೊಡಲಿ, ಅದರಲ್ಲಿ ವಂಚನೆಯಿಲ್ಲ. ‘ವಿವರಿಸಿ’ ಎಂದು ಕೇಳಿ ನೆನಪಿಗೆ ಅಂಕವನ್ನು ಕೊಡುವುದೇ ವಂಚನೆ.

ಏಕೆಂದರೆ ಅಂಕವು ಬಹುಮಾನವಲ್ಲ, ಸಾಕ್ಷ್ಯ. ಕಂಡುದನ್ನು ಕಂಡಂತೆ ಹೇಳುವವನು ಆಪ್ತ, ಅವನ ಮಾತು ಪ್ರಮಾಣ ಎಂದು ಶಾಸ್ತ್ರವು ಹೇಳುವುದು. ಅಂಕಪಟ್ಟಿಯ ಕೆಳಗೆ ರುಜು ಹಾಕುವ ಉಪಾಧ್ಯಾಯನು ಆ ಸ್ಥಾನದಲ್ಲಿ ಕುಳಿತಿರುವನು. ಈ ಹುಡುಗನು ಇದನ್ನು ಬಲ್ಲನು ಎಂದು ಅವನು ತಂದೆತಾಯಿಗಳಿಗೂ, ಮುಂದಿನ ಉಪಾಧ್ಯಾಯನಿಗೂ, ಎಂದೋ ಒಂದು ದಿನ ಆ ಹುಡುಗನು ಕಟ್ಟುವ ಸೇತುವೆಯ ಮೇಲೆ ನಡೆಯುವವರಿಗೂ ಹೇಳುತ್ತಿರುವನು. ಎಲ್ಲಕ್ಕೂ ಮೊದಲು ಹುಡುಗನಿಗೇ ಹೇಳುತ್ತಿರುವನು. ತನಗೆ ತಿಳಿದಿದೆಯೆಂದು ನಂಬಿಸಲ್ಪಟ್ಟವನು ಮತ್ತೆ ಕೇಳಲು ಹೋಗುವುದಿಲ್ಲ. ನ್ಯಾಯಾಲಯದಲ್ಲಿ ಸುಳ್ಳುಸಾಕ್ಷಿಯಿಂದ ಹಾನಿಯಾಗುವುದು ಎದುರುಪಕ್ಷಕ್ಕೆ. ಇಲ್ಲಿ ಯಾರ ಪರವಾಗಿ ಸಾಕ್ಷಿ ಹೇಳಿತೋ ಅವನಿಗೇ.

ಹಾಗೆಂದು ಹುಡುಗನ ಉತ್ತರಕ್ಕೆ ಸೊನ್ನೆಯನ್ನು ಬರೆದರೆ ಧರ್ಮವು ಪೂರ್ತಿಯಾಯಿತೆ? ಆಗಲಿಲ್ಲ. ಉಪಾಧ್ಯಾಯನು ತರಗತಿಯಲ್ಲಿ ಕೊಟ್ಟ ಉದಾಹರಣೆಗಳನ್ನು ಜ್ಞಾಪಿಸಿಕೊಳ್ಳಲಿ: ಮರದಿಂದ ಬಿದ್ದ ಹಣ್ಣು, ಮಾಳಿಗೆಯಿಂದ ಬಿಟ್ಟ ಕಲ್ಲು, ಅಣೆಕಟ್ಟಿನಿಂದ ಧುಮುಕಿದ ನೀರು. ಎಲ್ಲವೂ ತಡೆಯಿಲ್ಲದೆ ಬೀಳುವುವೇ. ಒಂದೇ ವೇಗದಿಂದ ಇಳಿಯುವ ವಸ್ತುವನ್ನು ಅವನು ಎಂದೂ ತೋರಿಸಲಿಲ್ಲ; ತನ್ನ ಕೈಪಿಡಿಯನ್ನು ನಂಬಿ ಪ್ರಶ್ನೆಯನ್ನು ಬರೆದಾಗ ತಾನೂ ಅದನ್ನು ಯೋಚಿಸಿರಲಿಲ್ಲ. ಬಿತ್ತದುದನ್ನು ಕೊಯ್ಯಲು ಹೋಗಿ ಹೊಲವನ್ನು ಬಯ್ಯುವ ರೈತನುಂಟೆ? ಹುಡುಗನು ತಾನು ಪಡೆದುದನ್ನು ಪ್ರಾಮಾಣಿಕವಾಗಿ ಹಿಂದಿರುಗಿಸಿದ್ದಾನೆ. ಪರೀಕ್ಷೆಯು ಹುಡುಗನನ್ನು ಅಳೆಯುವ ಮೊದಲೇ ಉಪಾಧ್ಯಾಯನನ್ನು ಅಳೆದುಬಿಟ್ಟಿದೆ. ಅರಿವನ್ನು ಕೇಳುವ ಅಧಿಕಾರವು ಅರಿಯುವಂತೆ ಕಲಿಸಿದವನಿಗೆ ಮಾತ್ರ ಉಂಟು.

ಇದು ತರಗತಿಯ ಪರೀಕ್ಷೆಯಾದುದರಿಂದ ಇವನು ಸ್ವತಂತ್ರನು. ಹುಡುಗಿಯ ಪತ್ರಿಕೆಯಲ್ಲಿ ಮೂರು ಅಂಕಗಳನ್ನು ಬರೆದು, ‘ಮುಗಿದುಹೋಗುತ್ತದೆ’ ಎಂಬ ಪದದ ಕೆಳಗೆ ಗೆರೆಯೆಳೆದು, ‘ಎಲ್ಲಿಗೆ?’ ಎಂದು ಬರೆಯುವುದು ಯುಕ್ತ. ಹುಡುಗನಿಗೆ, ನಿಯಮವನ್ನು ಶುದ್ಧವಾಗಿ ಬರೆದುದಕ್ಕಾಗಿ ಒಂದು. ಉಳಿದುದಕ್ಕೆ ಅಂಕವನ್ನು ತಡೆಹಿಡಿದು, ಪಾಠವನ್ನು ಮತ್ತೆ ಮಾಡಿ, ಬೇಕಾದವರೆಲ್ಲ ಪುನಃ ಬರೆಯಬಹುದೆಂದು ಹೇಳಬೇಕು. ಇದರಿಂದ ಹುಡುಗಿಗೆ ನಷ್ಟವಿಲ್ಲ. ಹುಡುಗನು ಮಾತ್ರ ಮರುದಿನ ಪತ್ರಿಕೆಯನ್ನು ಹಿಡಿದು ಬರುವನು. ಬರದಿದ್ದರೆ ಅವನಲ್ಲಿ ದೋಷವಿದೆಯೆಂದೇ ತಿಳಿಯಬೇಕು.

“ಪುಸ್ತಕದಲ್ಲಿ ಇದ್ದ ಹಾಗೇ ಬರೆದಿದ್ದೀನಿ, ಸಾರ್.”

“ಹೌದಪ್ಪ, ಹಾಗೇ ಬರೆದಿದ್ದೀಯ. ತಪ್ಪು ನನ್ನದೂ ಇದೆ. ನಿನ್ನ ಬೈಸಿಕಲ್ಲು ತಂದಿದ್ದೀಯಾ?”

ಶಾಲೆಯ ಹಿಂದೆ ದಿಣ್ಣೆಯಿಲ್ಲದ ಊರು ಕಡಮೆ. ಹುಡುಗನು ಮೊದಲ ಸಲ ಬ್ರೇಕು ಹಿಡಿಯದೆ ಇಳಿದು, ಕೆಳಗಿನ ಮಟ್ಟಸ ನೆಲದಲ್ಲಿ ತಾನಾಗಿ ನಿಲ್ಲುವವರೆಗೂ ಹೋಗಲಿ. ಎರಡನೆಯ ಸಲ ಬ್ರೇಕು ಹಿಡಿದು ಒಂದೇ ವೇಗದಿಂದ ಇಳಿಯಲಿ. ಎರಡು ಸಲವೂ ಗಾಲಿಯ ಅಂಚನ್ನು ಮುಟ್ಟಿ ನೋಡಲಿ. ಸುತ್ತಲೂ ನಿಂತ ಮಕ್ಕಳಲ್ಲಿ ಆ ಹುಡುಗಿಯೂ ಇರುವಳು; ಕೈಯಲ್ಲಿ ತನ್ನ ಪತ್ರಿಕ, ಅದರಲ್ಲಿ ಕೆಂಪು ಶಾಯಿಯ ಒಂದು ಪದ. ಎರಡನೆಯ ಸಲ ಮುಟ್ಟಿದವನು ಬೆರಳನ್ನು ಹಿಂದಕ್ಕೆ ಎಳೆದುಕೊಂಡು, “ಈ ಸಲ ಬೆಚ್ಚಗಿದೆ” ಎನ್ನುವನು. ಹುಡುಗಿಯು ಮುಂದೆ ಬಂದು ತಾನೂ ಮುಟ್ಟುವಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮುಟ್ಟುವಳು.

“ಆಗಲೇ ಆರಿಹೋಯ್ತಲ್ಲ, ಸಾರ್. ಗಾಳಿಗೆ ಹೋಯ್ತಾ?”

ಹುಡುಗನು ಯಾರ ಅಪ್ಪಣೆಗೂ ಕಾಯದೆ ಬೈಸಿಕಲ್ಲನ್ನು ತಿರುಗಿಸಿ, ತಳ್ಳಿಕೊಂಡು ಮತ್ತೆ ದಿಣ್ಣೆಯನ್ನು ಹತ್ತತೊಡಗುವನು.